ತೋಡಿನ ನೀರು ಅಂಗಳಕ್ಕೆ ಬಂದದ್ದು ಹೇಗೆ?

ಜೋರು ಮಳೆಗೆ ಮಧುವಾಹಿನಿ ಉಕ್ಕಿ ಮಧೂರು ದೇವಸ್ಥಾನದ ಅಂಗಳಕ್ಕೆ ನೀರು ಬರುವುದು ಕಾಸರಗೋಡಿನವರಿಗೆ ಹೊಸತಲ್ಲ. ಹೊಳೆ ಬದಿಯ ಜಾಗ, ನೀರು ಬರುತ್ತದೆ, ಇಳಿಯುತ್ತದೆ. ಆದರೆ ಹೊಳೆಯೇ ಇಲ್ಲದ ರಸ್ತೆಯಲ್ಲಿ ಒಂದು ಗಂಟೆ ಮಳೆಗೆ ಮೊಣಕಾಲುದ್ದ ನೀರು ನಿಲ್ಲುತ್ತದಲ್ಲ, ಅದು ಬೇರೆ ಕಥೆ.

ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಹಿಂದೆ ಇಷ್ಟನ್ನೂ ತಾಳಿಕೊಂಡದ್ದು ಚರಂಡಿ ಅಲ್ಲ. ಗುಡ್ಡದ ಮುರಕಲ್ಲು, ಅಂದರೆ ತೂತು ತೂತಿನ ಕೆಂಪು ಕಲ್ಲು, ಒಂದಿಷ್ಟು ಕುಡಿಯುತ್ತಿತ್ತು. ಬೇಸಿಗೆಯಲ್ಲಿ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದೊಳಗೆ ಒಸರುತ್ತಿದ್ದದ್ದು ಅದೇ ನೀರು. ಉಳಿದದ್ದು ಮದಕ, ಪಳ್ಳ ಅನ್ನುವ ಕೆರೆಗಳಿಗೆ. ಅದೂ ಮೀರಿದರೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ; ತೋಡು ತುಂಬಿದರೆ ಬೈಲಿನ ಗದ್ದೆಗೆ. ಗದ್ದೆಯಲ್ಲಿ ಎರಡು ದಿನ ನೀರು ನಿಂತರೆ ಅದನ್ನು ಯಾರೂ ನೆರೆ ಅನ್ನುತ್ತಿರಲಿಲ್ಲ.

ಆಮೇಲೆ ಬೇಸಾಯ ಗಿಟ್ಟಲಿಲ್ಲ. ಕೆಲವರು ಅಡಿಕೆ ಇಟ್ಟರು, ಕೆಲವರು ಮಣ್ಣು ತುಂಬಿಸಿ ಮನೆ ಕಟ್ಟಿದರು. ಯಾರನ್ನು ದೂರುವುದು? ನಮ್ಮ ಮನೆಯ ಅಡಿಪಾಯವೂ ಗದ್ದೆಯಲ್ಲೇ ಇದೆ. ಗದ್ದೆ ಉಳಿಸುವ ಕಾಯ್ದೆಯನ್ನು ಕೇರಳ ತಂದದ್ದು 2008ರಲ್ಲಿ. ಅಷ್ಟರಲ್ಲಿ ಪೇಟೆ ಹತ್ತಿರದ ಹಲವು ಬೈಲುಗಳು ಹೋಗಿಯಾಗಿತ್ತು. ಈಗ ಅಂಗಳಕ್ಕೆ ಹಾಸುವ ಇಂಟರ್‌ಲಾಕ್ ಕಲ್ಲು ಬೇರೆ. ಲೆಕ್ಕ ಹಾಕಿ ನೋಡಿ: 10 ಸೆಂಟ್ಸ್ ಜಾಗದ ಮೇಲೆ 50 ಮಿ.ಮೀ. ಮಳೆ ಬಿದ್ದರೆ 20,000 ಲೀಟರ್ ನೀರು. ಇಂಗಲು ಮಣ್ಣೇ ಇಲ್ಲದಿದ್ದರೆ ಎಲ್ಲವೂ ಸೀದಾ ರಸ್ತೆಗೆ.

ಇತ್ತ ಮಳೆಯೂ ಬದಲಾಗಿದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ತೇವ ಹಿಡಿಯುತ್ತದೆ, ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ಚರಂಡಿಯ ಅಗಲ ಗೊತ್ತುಮಾಡುವುದು ಹಳೆಯ ಮಳೆಯ ದಾಖಲೆ ನೋಡಿ. ಬರೀ ಮಳೆನೀರಿನ ಚರಂಡಿಗೆಂದೇ ಕೇಂದ್ರ ಸರ್ಕಾರ ಬೇರೆ ಕೈಪಿಡಿ ತಂದದ್ದು 2019ರಲ್ಲಿ. ಅದಕ್ಕೂ ಮೊದಲು ಕಟ್ಟಿದ ಮೋರಿಗಳೇ ನಮ್ಮಲ್ಲಿ ಜಾಸ್ತಿ. ಇದರ ನಡುವೆ ತಲಪಾಡಿಯಿಂದ ಚೆಂಗಳದವರೆಗೆ 39 ಕಿ.ಮೀ. ಷಟ್ಪಥ ಹೆದ್ದಾರಿ. ಗುಡ್ಡದಿಂದ ಕಡಲಿಗೆ ಇಳಿಯುವ ನೀರಿಗೆ ಇದು ಅಡ್ಡ; ರಸ್ತೆಯಡಿ ಮೋರಿ ಇರುವಲ್ಲೇ ನುಗ್ಗಬೇಕು.

ನಮ್ಮ ಓಣಿಯ ಮೋರಿಯಲ್ಲಿ ಎರಡಡಿ ಪೈಪ್ ಇತ್ತು. ಪ್ರತಿ ಜೂನ್‌ನಲ್ಲೂ ಕೊಕ್ಕೆ ಹಾಕಿ ಅಡಿಕೆ ಹಾಳೆ, ತೆಂಗಿನ ಮಡಲು, ಬಾಟಲಿ ಎಳೆಯುವುದೇ ಕೆಲಸ. ಹೋದ ವರ್ಷ ಮೂರಡಿ ಪೈಪ್ ಹಾಕಿಸಿದೆವು. ಮೇಲಿನ ಮದಕದ ಹೂಳು ತೆಗೆಯೋಣ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಸಲ ನಮ್ಮ ಅಂಗಳ ಒಣಗಿತ್ತು. ಕೊಕ್ಕೆ ಕೇಳಿಕೊಂಡು ಕೆಳಗಿನ ಮನೆಯವರು ಬಂದಿದ್ದರು.