ಎಕ್ಸ್‌ರೇಗೆ ಕಾಣದ ಪೆಟ್ಟು

ನೆಲಮಂಗಲ, ಹೊಸಕೋಟೆ ಕಡೆಯ ಗೋದಾಮುಗಳಿಂದ ನಮ್ಮ ಮೂಳೆ ವಿಭಾಗಕ್ಕೆ ಬರುವವರಲ್ಲಿ ಫೋರ್ಕ್‌ಲಿಫ್ಟ್ ಮಗುಚಿ ಪೆಟ್ಟಾದವರು ಕಮ್ಮಿ. ಬ್ಯಾಟರಿ ಪ್ಯಾಲೆಟ್ ಟ್ರಕ್ಕಿನಡಿ ಪಾದ ಸಿಕ್ಕಿಸಿಕೊಂಡವರೇ ಜಾಸ್ತಿ. ಹ್ಯಾಂಡಲ್ ಹಿಡಿದು ಮುಂದೆ ನಡೆಯುತ್ತಾ ಎಳೆದೊಯ್ಯುವ ಗಾಡಿ ಅದು. ಎಳೆಯುವವನು ಗಕ್ಕನೆ ನಿಂತರೂ ಟನ್‌ಗಟ್ಟಲೆ ಸರಕು ಹೊತ್ತ ಗಾಡಿ ಗಕ್ಕನೆ ನಿಲ್ಲುವುದಿಲ್ಲ. ಹ್ಯಾಂಡಲ್ಲಿನ ತುದಿಯಲ್ಲೊಂದು ಗುಂಡಿ ಇರುತ್ತದೆ. ಹೊಟ್ಟೆಗೆ ಒತ್ತಿದೊಡನೆ ಗಾಡಿ ಹಿಂದಕ್ಕೆ ಸರಿಯುತ್ತದೆ. ಗಾಡಿಗೂ ಗೋಡೆಗೂ ನಡುವೆ ಮನುಷ್ಯ ಅಪ್ಪಚ್ಚಿಯಾಗದಿರಲೆಂದು ಮಾಡಿದ ಏರ್ಪಾಡು. ಅಷ್ಟರಲ್ಲಿ ಪಾದ ಅಡಿಗೆ ಹೋಗಿರಬಹುದು.

“ಸೇಫ್ಟಿ ಶೂ ಹಾಕಿದ್ದ ಸರ್” ಎನ್ನುತ್ತಾರೆ ಜೊತೆಗೆ ಬಂದ ಸೂಪರ್‌ವೈಸರ್. ಆ ಶೂವಿನ ಮುಂತುದಿಯ ಉಕ್ಕಿನ ಟೋಪಿ 200 ಜೂಲ್ ಹೊಡೆತ ತಡೆಯಬೇಕೆಂಬ ಮಾನದಂಡವಿದೆ, ನಿಜ. ಆದರೆ ಅದು ಕಾಯುವುದು ಬೆರಳುಗಳನ್ನಷ್ಟೇ. ನಡುಪಾದಕ್ಕೂ ಹಿಮ್ಮಡಿಗೂ ಶೂವಿನ ತೊಗಲೇ ಗತಿ.

ಎಕ್ಸ್‌ರೇಯಲ್ಲಿ ಮುರಿತ ಕಾಣದಿದ್ದರೆ ಎಲ್ಲರಿಗೂ ನಿರಾಳ. ನನಗೆ ಆಗಲೇ ಭಯ. ಪಾದದ ಸ್ನಾಯುಗಳು ಹಿಗ್ಗದ ಪೊರೆಗಳೊಳಗೆ ಇರುತ್ತವೆ. ಜಜ್ಜಿದ ಸ್ನಾಯು ಬಾತಾಗ ಒಳಗಿನ ಒತ್ತಡ ಏರಿ ರಕ್ತ ಸಂಚಾರ ಕಟ್ಟುತ್ತದೆ. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಗಾಯಕ್ಕೆ ಮೀರಿದ ನೋವು, ಬಿಗಿದು ಗಟ್ಟಿಯಾದ ಪಾದ, ಬೆರಳನ್ನು ಮೆಲ್ಲಗೆ ಮೇಲಕ್ಕೆತ್ತಿದರೂ ಚೀರುವುದು, ಜೋಮು: ಇವು ಕಂಡರೆ ಕಾಯುವಂತಿಲ್ಲ. ನಾಡಿ ಸಿಗುತ್ತಿದೆ ಎಂಬ ಸಮಾಧಾನವೂ ಬೇಡ, ಒತ್ತಡ ಏರಿದ ಮೇಲೂ ಅದು ಬಡಿಯುತ್ತಿರಬಹುದು. ಸುಮಾರು ಆರು ಗಂಟೆ ಕಳೆದರೆ ಸ್ನಾಯು ಸಾಯತೊಡಗುತ್ತದೆ, ಮುಂದೆ ಬೆರಳುಗಳು ಕೊಕ್ಕೆಯಂತೆ ಮಡಚಿಕೊಳ್ಳುತ್ತವೆ. ಬಿಗಿಯಾಗಿ ಕ್ರೇಪ್ ಬ್ಯಾಂಡೇಜ್ ಸುತ್ತಿ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡುವ ರೂಢಿ ಇಲ್ಲಿ ಕೆಡುಕು ಮಾಡುತ್ತದೆ. ಪಟ್ಟಿ ಸಡಿಲಿಸಿ, ಕಾಲನ್ನು ಎದೆಯ ಮಟ್ಟದಲ್ಲೇ ಇಟ್ಟು ಕರೆತನ್ನಿ.

ಅಂಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ನೀಲಿ ಕಲೆ ಕಂಡರೆ ನಡುಪಾದದ ಕೀಲು ಸಡಿಲಗೊಂಡಿರುವ ಶಂಕೆ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಅದು ತಪ್ಪಿಸಿಕೊಳ್ಳಬಹುದು.

ಹೀಗಾಗಿ ಫಿಲ್ಮಿಗಿಂತ ಮೊದಲು ನನಗೆ ಬೇಕಾದದ್ದು ಪಾದದ ಮೇಲೆ ಏನು ಹತ್ತಿತು, ಪಾದ ಎಷ್ಟು ಹೊತ್ತು ಅಡಿಯಲ್ಲಿತ್ತು ಎಂಬ ವಿವರ. ಕೆಲವು ಗೋದಾಮಿನವರು “ಕಾಲು ಜಾರಿ ಉಳುಕಿತು” ಎಂದು ಬರೆಸಲು ನೋಡುತ್ತಾರೆ. ಹಾಗೆ ಬರೆದರೆ ಉಳುಕಿನ ಚಿಕಿತ್ಸೆಯೇ ಸಿಗುತ್ತದೆ. ಕೆಲಸದ ವೇಳೆಯ ಗಾಯಕ್ಕೆ ನೌಕರರ ರಾಜ್ಯ ವಿಮೆ (ಇಎಸ್‌ಐ) ಕೊಡುವ ಶೇ 90ರಷ್ಟು ಕೂಲಿಗೂ ತಕರಾರು ಬರುತ್ತದೆ. ಗಾಯಾಳುವಿನ ಬಾಯಿಂದಲೇ ಕೇಳಿ ಬರೆಯಿರಿ ಎಂದು ನಮ್ಮ ಹೌಸ್ ಸರ್ಜನ್‌ಗಳಿಗೆ ಹೇಳಿದ್ದೇನೆ. ಸೂಪರ್‌ವೈಸರ್ ಸ್ವಲ್ಪ ಹೊತ್ತು ಹೊರಗೆ ಬೆಂಚಿನ ಮೇಲೆ ಕೂತಿರಲಿ.