ಪದ ಪರಿಚಯ: ಹತ್ತು ಗಂಟೆ ನೀತಿ

ಅಮೆರಿಕದ ಅರಣ್ಯ ಸೇವೆ 1935ರಲ್ಲಿ ತನ್ನ ಸಿಬ್ಬಂದಿಗೆ ಹಾಕಿಕೊಟ್ಟ ನಿಯಮವಿದು: ಕಾಡಿನಲ್ಲಿ ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕು, ಆಗದಿದ್ದರೆ ಅದರ ಮಾರನೆಯ ದಿನ 10ರೊಳಗೆ. ರಾತ್ರಿಯ ತೇವಕ್ಕೆ ಬೆಂಕಿ ಮಂಕಾಗಿರುತ್ತದೆ. ಬಿಸಿಲೇರಿ, ತರಗೆಲೆ ಒಣಗಿ, ಗಾಳಿ ಎದ್ದ ಮೇಲೆ ಕೈಗೆ ಸಿಗುವುದಿಲ್ಲ.

ಇದರ ಹಿಂದೆ 1910ರ ಆಗಸ್ಟ್ ತಿಂಗಳ ಭಯವಿತ್ತು. ಇಡಾಹೊ, ಮೊಂಟಾನಾ ಭಾಗದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟು 80ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಮಂದಿ ಬೆಂಕಿ ಆರಿಸಲು ಹೋದವರೇ.

ಆದರೆ ಪಶ್ಚಿಮ ಅಮೆರಿಕದ ಎಷ್ಟೋ ಕಾಡುಗಳು ಬೆಂಕಿಯ ಜೊತೆಗೇ ಬೆಳೆದವು. ಕ್ಯಾಲಿಫೋರ್ನಿಯಾದ ಕ್ಲಾಮತ್ ನದಿ ಕಣಿವೆಯ ಮೂಲನಿವಾಸಿಗಳಾದ ಕರೂಕ್, ಯುರೋಕ್ ಜನ ಹೇಝಲ್ ಪೊದೆಗಳನ್ನು ಬೇಕೆಂದೇ ಸುಡುತ್ತಿದ್ದರು. ಆಮೇಲೆ ಬುಡದಿಂದ ನೆಟ್ಟಗೆ, ಕವಲಿಲ್ಲದೆ ಚಿಗುರುವ ಕಡ್ಡಿಯೇ ಬುಟ್ಟಿ ಹೆಣೆಯಲು ಬೇಕು. ಓಕ್ ಮರದಡಿಯ ತರಗು ಸುಟ್ಟರೆ ಕಾಯಿ ಕೊರೆಯುವ ಹುಳುವೂ ಸಾಯುತ್ತಿತ್ತು. ಕ್ಯಾಲಿಫೋರ್ನಿಯಾ 1850ರಲ್ಲೇ ಹುಲ್ಲುಗಾವಲಿಗೆ ಬೆಂಕಿ ಇಡುವುದನ್ನು ಶಿಕ್ಷಾರ್ಹ ಮಾಡಿತು. ಅಲ್ಲಿನ ಜನರ ತಿಳಿವಳಿಕೆಯನ್ನೇ ಅಪರಾಧ ಮಾಡಿದ ಅನ್ಯಾಯವದು.

ನೀತಿ ಕೆಟ್ಟಿದ್ದು ಸೋಲಿನಿಂದಲ್ಲ, ಗೆಲುವಿನಿಂದ. ಸುಲಭವಾಗಿ ಆರುವುದು ನೆಲದ ತರಗನ್ನಷ್ಟೇ ತಿನ್ನುವ ಸಣ್ಣ ಬೆಂಕಿ. ಕಾಡಿಗೆ ಬೇಕಾದದ್ದೂ ಅದೇ. ಅದು ನಿಂತಾಗ ಪಾಂಡೆರೋಸಾ ಪೈನ್ ಮರಗಳ ಕೆಳಗೆ ಎಳೆಯ ಫರ್ ಮರಗಳು ಒತ್ತೊತ್ತಾಗಿ ಎದ್ದವು. ಪೈನ್ ಮರದ ದಪ್ಪ ತೊಗಟೆ ನೆಲದ ಬೆಂಕಿಯನ್ನು ತಡೆಯುತ್ತದೆ, ಆದರೆ ಫರ್ ಮರದ ತಗ್ಗಿನ ಕೊಂಬೆಗಳನ್ನು ಹಿಡಿದು ಬೆಂಕಿ ನೆತ್ತಿಗೇರಿದರೆ ಅದಕ್ಕೂ ಉಳಿವಿಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾದ ‘ಕ್ಯಾಸಲ್’ ಎಂಬ ಕಾಡ್ಗಿಚ್ಚಿನಲ್ಲಿ ಸಾವಿರಾರು ದೊಡ್ಡ ಸಿಕೋಯಾ ಮರಗಳು ಸತ್ತವು. ತಾಪಕ್ಕೆ ಕಾಯಿ ಬಿರಿದು, ಬೂದಿ ಬಿದ್ದ ಬರಿ ಮಣ್ಣಿನಲ್ಲಿ ಮೊಳೆಯುವ ಜಾತಿಯದು! ಬಿಸಿಲು, ಬರ ಹೆಚ್ಚಿದ್ದೂ ಇದಕ್ಕೆ ಕಾರಣ.

ಅರಣ್ಯ ಸೇವೆ 1978ರಲ್ಲಿ ಈ ನೀತಿ ಕೈಬಿಟ್ಟಿತು. ಈಗ ಯೋಜಿಸಿಯೇ ಬೆಂಕಿ ಇಡುತ್ತಾರೆ: ಸುತ್ತ ಮಣ್ಣು ಕಾಣುವಷ್ಟು ಕೆರೆದು ಬೆಂಕಿ ರೇಖೆ ಮಾಡಿ, ಗಾಳಿಗೆ ಎದುರಾಗಿ ನಿಧಾನ ಸರಿಯುವಂತೆ ಹಚ್ಚುತ್ತಾರೆ. ಎಡವಟ್ಟಾಗುವುದು ಹಲವು ದಶಕ ಬೆಂಕಿ ಕಾಣದ ಜಾಗದ ಮೊದಲ ಸುಡುವಿಕೆಯಲ್ಲಿ. ಹಳೆಯ ಮರದ ಬುಡದಲ್ಲಿ ರಾಶಿಯಾದ ಕೊಳೆತ ತರಗು ಜ್ವಾಲೆಯಿಲ್ಲದೆ ಗಂಟೆಗಟ್ಟಲೆ ಕನಲುತ್ತದೆ. ತೊಗಟೆಯೊಳಗಿನ ಜೀವಪದರವನ್ನೂ ಮೇಲ್ಪದರದ ಬೇರುಗಳನ್ನೂ ಬೇಯಿಸುತ್ತದೆ. ಮರ ಹಸಿರಾಗಿಯೇ ನಿಂತಿದ್ದು, ಒಂದೆರಡು ವರ್ಷದ ಮೇಲೆ ಒಣಗಬಹುದು. ಹಾಗಾಗಿ ಅಂಥ ಮರಗಳ ಬುಡದ ರಾಶಿಯನ್ನು ಹಲ್ಲಿನ ಗೋರೆಯಿಂದ ಮೊದಲೇ ದೂರಕ್ಕೆ ಎಳೆದು ಹರಡುತ್ತಾರೆ, ಇಲ್ಲವೇ ಅದರ ಅಡಿಪದರ ಇನ್ನೂ ಒದ್ದೆ ಇರುವಾಗ ಬೆಂಕಿ ಹಚ್ಚುತ್ತಾರೆ.