ಗಂಧದ ಗಿಡಕ್ಕೆ ಪಕ್ಕದ ಮನೆ ಊಟ

"ಸರ್, ಗೊಬ್ಬರ ಹಾಕಿದ್ದೀನಿ, ಡ್ರಿಪ್ ಇದೆ, ಒಂದು ಕಳೆ ಬಿಟ್ಟಿಲ್ಲ. ಆದ್ರೂ ಗಂಧ ಹಳದಿ ಆಗ್ತಿದೆ."

ಅರಸೀಕೆರೆ ಕಡೆಯ ರೈತರೊಬ್ಬರ ಫೋನು. ಹೋಗಿ ನೋಡಿದೆ. ಎರಡು ವರ್ಷದ ಗಿಡಗಳು. ನೆಲ ಗುಡಿಸಿಟ್ಟ ಅಂಗಳದ ಹಾಗಿತ್ತು. ಬೇಲಿ ಪಕ್ಕದ ಒಂದು ಸಾಲು ಮಾತ್ರ ಹಚ್ಚಗಿತ್ತು.

"ನರ್ಸರಿಯಿಂದ ತಂದಾಗ ಚೀಲದಲ್ಲಿ ತೊಗರಿ ಗಿಡ ಇರಲಿಲ್ವಾ?" ಅಂತ ಕೇಳಿದೆ.

"ಇತ್ತು. ಸುಮ್ನೆ ಗೊಬ್ಬರ ತಿನ್ನುತ್ತೆ ಅಂತ ಕಿತ್ತು ಹಾಕ್ಸಿದೆ."

ತಿನ್ನುವುದು ತೊಗರಿಯಲ್ಲ, ಗಂಧ! ಶ್ರೀಗಂಧದ ಎಲೆ ಹಸಿರು. ಬಿಸಿಲಿನಲ್ಲಿ ತನ್ನ ಸಕ್ಕರೆಯನ್ನು ತಾನೇ ಮಾಡಿಕೊಳ್ಳುತ್ತದೆ. ಆದರೆ ನೀರು, ಸಾರಜನಕದಂಥವಕ್ಕೆ ಪಕ್ಕದ ಗಿಡದ ಬೇರಿಗೆ ಬಾಯಿ ಹಾಕುತ್ತದೆ. ಇದಕ್ಕೆ ಅರೆ ಪರಾವಲಂಬಿ ಅನ್ನುತ್ತೇವೆ. ಜಾನ್ ಸ್ಕಾಟ್ ಎಂಬ ಸಸ್ಯವಿಜ್ಞಾನಿ 1871ರಲ್ಲೇ ಇದನ್ನು ಗುರುತಿಸಿದ್ದರು.

ಹಚ್ಚಗಿದ್ದ ಗಿಡದ ಬುಡದಲ್ಲಿ ಮೆಲ್ಲಗೆ ಮಣ್ಣು ಕೆದರಿ ತೋರಿಸಿದೆ. ಗಂಧದ ಬೇರಿನ ಮೇಲೆ ಸಣ್ಣ ಗಂಟುಗಳು. ಒಂದೊಂದೂ ಬೇಲಿಯ ಹೊಂಗೆ ಬೇರನ್ನು ಕಚ್ಚಿ ಹಿಡಿದಿತ್ತು. ಇದೇ ಹಾಸ್ಟೋರಿಯಂ. ಇದರ ಒಳಗಿಂದ ಮೊಳೆಯಂಥ ಭಾಗ ಹೊರಟು, ಹೊಂಗೆ ಬೇರಿನ ತೊಗಟೆ ತೂರಿ, ನೀರು ಹರಿಯುವ ನಾಳವನ್ನು ಮುಟ್ಟುತ್ತದೆ. ಆಮೇಲೆ ಪಂಪು ಬೇಕಿಲ್ಲ. ಮೇಲೆ ಗಂಧದ ಎಲೆಯಿಂದ ನೀರು ಆವಿಯಾದಷ್ಟೂ ಕೆಳಗೆ ಎಳೆತ ಇರುತ್ತದೆ.

ಸಸಿ ಮೊದಮೊದಲು ಬೀಜದೊಳಗಿನ ಬುತ್ತಿಯಲ್ಲೇ ಬದುಕುತ್ತದೆ. ಅದು ಮುಗಿಯುವುದರೊಳಗೆ ಒಂದು ಬೇರು ಸಿಗಬೇಕು. ಗಂಧ ಮುನ್ನೂರಕ್ಕೂ ಹೆಚ್ಚು ಬಗೆಯ ಗಿಡಗಳಿಂದ ಹೀರಬಲ್ಲದು, ಹುಲ್ಲನ್ನೂ ಬಿಡುವುದಿಲ್ಲ. ಆದರೆ ಎಲ್ಲರ ಮನೆ ಊಟವೂ ಒಂದೇ ಅಲ್ಲ, ಅಲ್ವಾ? ತೊಗರಿಯ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಅದಕ್ಕೇ ನರ್ಸರಿಯವರು ತೊಗರಿ ಇಡುವುದು. ಅದು ಎತ್ತರ ಬೆಳೆದು ನೆರಳು ಮಾಡಿದರೆ ತಲೆ ಸವರಿ, ಬುಡ ಕೀಳಬೇಡಿ. ತೊಗರಿಗೆ ಆಯಸ್ಸು ಕಮ್ಮಿ. ಹಾಗಾಗಿ ಗಂಧದ ನಡುನಡುವೆ ಗಾಳಿಮರ, ಹೊಂಗೆಯಂಥ ಬಹುಕಾಲ ಬಾಳುವ ಮರಗಳೂ ಬೇಕು.

ಗಂಧ ಬೇಲಿಯಲ್ಲಿ ತಾನಾಗಿ ಹುಟ್ಟಿ ಚೆನ್ನಾಗಿ ಬರುವ ಗುಟ್ಟೂ ಇದೇ. ಹಣ್ಣು ತಿಂದ ಹಕ್ಕಿ ಪೊದೆ ಮೇಲೆ ಕೂತು ಬೀಜ ಉದುರಿಸುತ್ತದೆ. ಬಿದ್ದಲ್ಲೇ ಊಟ ತಯಾರಿರುತ್ತದೆ.

ಆ ರೈತರು ಮುಂಗಾರಿಗೆ ಪ್ರತಿ ಗಿಡದ ಪಕ್ಕ ಮತ್ತೆ ತೊಗರಿ ಹಾಕಿದರು. ಬೇಲಿ ಕಡಿಸಿ ತಂತಿ ಎಳೆಸಬೇಕು ಅಂತಿದ್ದರು, ಅದನ್ನು ಕೈಬಿಟ್ಟರು.